ಎದ್ದ ಮೇಲಿನ ಮೊದಲ ಐದು ಹೆಜ್ಜೆ

ಚಿನ್ಮಯಿ, ಭುವನ್, ನಿಮ್ಮ ಅಜ್ಜಿಗೆ ಬಾಯಿಬಿಟ್ಟು ಹೇಳಲು ಬರುವುದಿಲ್ಲ ಎಂದು ನಿಮಗೆ ಗೊತ್ತು. ಮನೆಗೆ ನಾಲ್ಕು ಜನ ಬಂದರೆ ಅಡುಗೆಮನೆಯಿಂದ ಆಚೆ ಬರದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲಿ ನಾನು ಕಳೆದ ಅಷ್ಟೂ ವರ್ಷಗಳ ಕಥೆ ಇದಲ್ಲ. ಒಂದು ಕಾಫಿ ಕೊಯ್ಲಿನಲ್ಲಿ ಶುರುವಾಗಿ ಮುಂದಿನ ಕೊಯ್ಲಿಗೆ ಮುಗಿದ ಒಂದು ಕೆಲಸದ ಮಾತು ಮಾತ್ರ. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಅರ್ಧ ಬೇರೆಯವರ ಮೇಲೆ, ಅರ್ಧ ನನ್ನ ಮೇಲೆ.

ಆಗ ನಾನು ಎಕ್ಸ್-ರೇ ರೂಮಿನ ಹೊರಗೆ ಒಂದು ಮೇಜು ಹಾಕಿಕೊಂಡು ಕೂರುತ್ತಿದ್ದೆ. ಕವರಿನ ಮೇಲೆ ಹೆಸರು ಬರೆಯುವುದು, ಹಳೆಯ ಫಿಲ್ಮು ಹುಡುಕಿ ಕೊಡುವುದು ನನ್ನ ಕೆಲಸ. ಒಂದು ದಿನ ಮೂಳೆ ಡಾಕ್ಟರು ಕರೆದು, ತಾವು ಹಿಂದಿನ ವರ್ಷಗಳಲ್ಲಿ ಸೊಂಟದ ಕೀಲು ಬದಲಾಯಿಸಿದ ರೋಗಿಗಳನ್ನೆಲ್ಲ ಹುಡುಕಿ ಮಾತಾಡಿಸಬೇಕು, ಹೋಗುತ್ತೀರಾ ಎಂದು ಕೇಳಿದರು. ಮೈಸೂರಿನ ಡಾಕ್ಟರೊಬ್ಬರ ಜೊತೆ ಸೇರಿ ಅವರು ಒಂದು ಅಧ್ಯಯನ ಮಾಡುತ್ತಿದ್ದರು. ನನ್ನನ್ನೇ ಯಾಕೆ ಆರಿಸಿದರು ಎಂದರೆ, ನನ್ನ ಅಕ್ಷರ ದುಂಡಗಿದೆ, ಹೆಚ್ಚು ಮಾತಾಡುವುದಿಲ್ಲ, ಹೇಳಿದ್ದನ್ನಷ್ಟೇ ಬರೆಯುತ್ತೇನೆ ಎಂದು. ಅವರು ಹೊಗಳಿದ್ದೇ ನನಗೆ ಮುಂದೆ ಮುಳುವಾಯಿತು.

ಆ ಕೀಲಿನ ವಿಷಯ ಸ್ವಲ್ಪ ಹೇಳಬೇಕು. ತೊಡೆ ಮೂಳೆಯ ಮೇಲಿನ ತುದಿ ಮುರಿದರೆ ಅಥವಾ ಸವೆದರೆ ಅದನ್ನು ತೆಗೆದು, ಮೂಳೆಯ ಟೊಳ್ಳಿನೊಳಗೆ ಲೋಹದ ಒಂದು ಉದ್ದನೆಯ ತುಂಡು ಇಳಿಸುತ್ತಾರೆ. ಡಾಕ್ಟರು ಅದಕ್ಕೆ ಸ್ಟೆಮ್ ಎನ್ನುತ್ತಾರೆ, ನಮ್ಮ ಜನ ರಾಡು ಎನ್ನುತ್ತಾರೆ. ಕೆಲವರಿಗೆ ಅದನ್ನು ಸಿಮೆಂಟಿನಂಥ ವಸ್ತು ಹಾಕಿ ಕೂರಿಸುತ್ತಾರೆ. ನಮ್ಮ ಪಟ್ಟಿಯಲ್ಲಿದ್ದವರಿಗೆಲ್ಲ ಸಿಮೆಂಟಿಲ್ಲದೆ ಕೂರಿಸಿದ್ದು. ಅದರ ಮೇಲೆ ಬೆಳ್ಳಗೆ, ಒರಟಾಗಿ ಒಂದು ಲೇಪವಿರುತ್ತದೆ. ಮೂಳೆಯಲ್ಲೇ ಇರುವ ಖನಿಜದಿಂದ ಮಾಡಿದ ಲೇಪ. ಅದನ್ನು ಮೂಳೆ ತನ್ನದೇ ಎಂದುಕೊಂಡು ಹತ್ತಿರ ಬಂದು ಬೆಳೆದು ಅಪ್ಪಿಕೊಳ್ಳುತ್ತದೆ. ಹಾಗೆ ಹಿಡಿದುಕೊಂಡರೆ ಬಹಳ ವರ್ಷ ಅಲುಗಾಡುವುದಿಲ್ಲ. ಹಿಡಿಯದಿದ್ದರೆ ಒಳಗೇ ಕೂದಲೆಳೆಯಷ್ಟು ಆಡುತ್ತಿರುತ್ತದೆ. ಆಡುತ್ತಾ ಆಡುತ್ತಾ ಮೂಳೆಯನ್ನು ಒಳಗಿನಿಂದ ತೆಳ್ಳಗೆ ಮಾಡುತ್ತದೆ. ನಮ್ಮ ತೋಟಗಳ ಏರು ಇಳಿಜಾರಿನಲ್ಲಿ ದಿನವಿಡೀ ನಡೆಯುವವರಿಗೆ ಈ ಲೇಪ ಹೇಗೆ ಬಾಳಿಕೆ ಬಂದಿದೆ ಎಂದು ತಿಳಿಯುವುದೇ ಡಾಕ್ಟರ ಉದ್ದೇಶವಾಗಿತ್ತು.

ನನಗೆ ಕೊಟ್ಟದ್ದು ಒಂದು ಪಟ್ಟಿ, ಎರಡು ಪುಟದ ಫಾರಂಗಳ ಕಟ್ಟು. ನೋವಿದೆಯೇ, ಕುಂಟುತ್ತೀರಾ, ಕೋಲು ಬೇಕೇ, ಎಷ್ಟು ದೂರ ನಡೆಯುತ್ತೀರಿ, ಮೆಟ್ಟಿಲು ಹೇಗೆ ಹತ್ತುತ್ತೀರಿ, ಬಸ್ಸು ಹತ್ತುತ್ತೀರಾ, ಕಾಲುಚೀಲ ಹಾಕಿಕೊಳ್ಳಲು ಆಗುತ್ತದೆಯೇ ಎಂದು ಪ್ರಶ್ನೆಗಳು. ಉತ್ತರಕ್ಕೆ ತಕ್ಕಂತೆ ಅಂಕ. ಹೆಚ್ಚು ಅಂಕ ಇರುವುದು ನೋವಿನ ಪ್ರಶ್ನೆಗೆ, ನೋವಿಲ್ಲದಿದ್ದರೆ ಪೂರ್ತಿ. ಎಲ್ಲ ಬರೆದ ಮೇಲೆ ರೋಗಿಯನ್ನು ಇಪ್ಪತ್ತು ಹೆಜ್ಜೆ ನಡೆಸಿ ನೋಡಬೇಕು. ಆಮೇಲೆ ಅವರು ಆಸ್ಪತ್ರೆಗೆ ಬಂದು ಎಕ್ಸ್-ರೇ ತೆಗೆಸಿಕೊಳ್ಳುವಂತೆ ದಿನ ಗೊತ್ತು ಮಾಡಬೇಕು.

ಈ ಕೆಲಸ ನೋಡಿಕೊಳ್ಳಲು ಒಬ್ಬಳು ಹುಡುಗಿಯನ್ನು ನೇಮಿಸಿದ್ದರು. ಸಂಯೋಜಕಿ ಎನ್ನುತ್ತಿದ್ದರು. ಓದಿದವಳು, ಚುರುಕು, ಯಾವಾಗಲೂ ಅವಸರ. ಎಸ್ಟೇಟಿನಲ್ಲಿ ಯಾರೂ ಕಾಲುಚೀಲ ಹಾಕುವುದಿಲ್ಲ, ಕಾಲಿನ ಉಗುರು ಕತ್ತರಿಸಲು ಬಗ್ಗಲಾಗುತ್ತದೆಯೇ ಎಂದು ಕೇಳಲೇ ಎಂದರೆ, "ಫಾರಂನಲ್ಲಿ ಹೇಗಿದೆಯೋ ಹಾಗೇ ಕೇಳಿ ಆಂಟಿ. ನೀವು ಒಂದು ಬದಲಾಯಿಸಿದ್ರೆ ನಾನು ನೂರು ಬದಲಾಯಿಸ್ಬೇಕು" ಎಂದಳು. ಹಾಗೇ ಕೇಳಿದೆ. ಕಾಡುಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತವರನ್ನು ಕಾಲುಚೀಲದ ವಿಷಯ ಕೇಳುವಾಗ ನಾಚಿಕೆಯಿಂದ ತಲೆ ಎತ್ತುತ್ತಿರಲಿಲ್ಲ.

ಜನರನ್ನು ಹುಡುಕುವುದೇ ದೊಡ್ಡ ಗೋಳು. ಫೋನ್ ನಂಬರುಗಳಲ್ಲಿ ಅರ್ಧ ಸ್ವಿಚ್ ಆಫ್. ವಿಳಾಸ ಎಂದರೆ "ಲೈನ್ ಮನೆ, ಸಿದ್ದಾಪುರ" ಎಂದಷ್ಟೇ. ಸಿದ್ದಾಪುರದ ಸುತ್ತ ಎಸ್ಟೇಟಿನವರು ಆಳುಗಳಿಗೆ ಕೊಡುವ ಈ ಸಾಲುಮನೆಗಳು ಎಷ್ಟಿವೆ ಎಂದು ಬರೆದವರಿಗೆ ಗೊತ್ತಿರಲಿಲ್ಲವೇನೋ. ಕಕ್ಕಬೆಯಲ್ಲಿ ಒಬ್ಬ ಹಿರಿಯರಿದ್ದರು. ಅವರ ಮನೆಗೆ ಎರಡು ಬಸ್ಸು ಬದಲಿಸಿ ಮೂರು ಸಲ ಹೋದೆ. ಎರಡು ಸಲ ಬೀಗ. ಮೂರನೇ ಸಲ ಅವರ ಹೆಂಡತಿ ಸಿಕ್ಕಿ, "ಅವರು ಏಲಕ್ಕಿ ಮಲೆಗೆ ಹತ್ತಿದ್ದಾರೆ. ಆಪರೇಷನ್ ಆದ ಮೇಲೆ ಮನೆಯಲ್ಲಿ ನಿಲ್ಲುವುದೇ ಇಲ್ಲ ನೋಡಿ. ನೀವು ಕಾಲು ಸರಿ ಮಾಡಿ ನನಗೆ ತೊಂದರೆ ಮಾಡಿದ್ದೀರಿ" ಎಂದರು. ಫಾರಂಗೆ ಅದು ಉತ್ತರವಲ್ಲ. ಅವರೇ ಬಾಯಲ್ಲಿ ಹೇಳಬೇಕು. ಖಾಲಿ ಫಾರಂ ಹಿಡಿದು ವಾಪಸು ಬಂದೆ.

ಸಿದ್ದಾಪುರದ ಕಡೆಯ ಒಂದು ಎಸ್ಟೇಟಿನಲ್ಲಿ ನಮ್ಮ ಪಟ್ಟಿಯ ನಾಲ್ಕು ಜನರಿದ್ದರು. ಅಲ್ಲಿನ ರೈಟರ್ ಅಂದರೆ ಆಳುಗಳ ಹಾಜರಿ, ತೂಕ ನೋಡುವವರು, ಒಳ್ಳೆಯ ಮಾತಿನವರೇ. ಆದರೆ ಕೊಯ್ಲಿನ ಕಾಲ.

"ಕೆಲಸದ ಹೊತ್ತಲ್ಲಿ ನನ್ನ ಜನನ ಮಾತಾಡಿಸ್ಬೇಡಿ ಅಮ್ಮ. ನಾಲ್ಕು ಗಂಟೆಗೆ ಎಲ್ಲ ತೂಕಕ್ಕೆ ಕಣಕ್ಕೆ ಬರ್ತಾರೆ. ಅಲ್ಲಿ ಎಷ್ಟು ಬೇಕಾದ್ರೂ ಬರ್ಕೊಳ್ಳಿ. ನಾನೇ ಕರೆದು ಕೂರಿಸ್ತೀನಿ" ಎಂದರು.

ನನಗೆ ಅದು ದೊಡ್ಡ ಉಪಕಾರದಂತೆ ಕಂಡಿತು. ಒಬ್ಬೊಬ್ಬರ ಮನೆ ಹುಡುಕಿ, ಬಾಗಿಲಲ್ಲಿ ನಿಂತು, ಗುರುತಿಲ್ಲದವರನ್ನು ಕರೆದು ಮಾತಾಡಿಸುವುದು ನನಗೆ ಎಷ್ಟು ಕಷ್ಟ ಎಂದು ನಿಮಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ. ಕಣದಲ್ಲಿ ತಕ್ಕಡಿಯ ಪಕ್ಕ ಒಂದು ಕುರ್ಚಿ ಹಾಕಿಸಿದರು, ಕರಿ ಕಾಫಿ ಕೊಟ್ಟರು. ಚೀಲ ಇಳಿಸಿದವರನ್ನು ಅವರೇ ಒಬ್ಬೊಬ್ಬರಾಗಿ ಕರೆದರು. ಕೆಲಸ ಹೂವೆತ್ತಿದಂತೆ ಸಾಗಿತು. ಆಮೇಲೆ ಬೇರೆ ಎಸ್ಟೇಟುಗಳಲ್ಲೂ ನಾನು ಇದೇ ಕ್ರಮ ಹಿಡಿದೆ. ನಾಲ್ಕು ಗಂಟೆ, ಕಣ, ತಕ್ಕಡಿ, ಕುರ್ಚಿ.

ಅಲ್ಲಿ ಮೂರನೇ ಲೈನಿನ ಒಬ್ಬಳು ಹೆಂಗಸಿದ್ದಳು. ಐದು ವರ್ಷದ ಹಿಂದೆ ಕಾಫಿ ಚೀಲ ಹೊತ್ತು ಇಳಿಜಾರಿನಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದಿತ್ತು. ಅವಳ ತಂದೆ ತಾಯಿ ಪಿರಿಯಾಪಟ್ಟಣದ ಕಡೆಯಿಂದ ಬಂದು ಅದೇ ಲೈನಿನಲ್ಲಿ ಬಾಳಿದವರು, ಇವಳೂ ಅಲ್ಲೇ ಹುಟ್ಟಿದವಳು. ನನಗಿಂತ ಸ್ವಲ್ಪ ಚಿಕ್ಕವಳು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ, ಅಕ್ಕ ಎಂದೇ ಬರೆಯುತ್ತೇನೆ. ನಾವಿಬ್ಬರೂ ಒಬ್ಬರಿಗೊಬ್ಬರು ಹಾಗೇ ಕರೆದುಕೊಳ್ಳುತ್ತಿದ್ದೆವು.

"ಅಕ್ಕ, ಕಾಲಲ್ಲಿ ನೋವಿದೆಯಾ?" ಎಂದು ಕೇಳಿದೆ.

"ಎಂಥ ನೋವು ಅಕ್ಕ. ಡಾಕ್ಟ್ರು ಕೈಗುಣ ಚೆನ್ನಾಗುಂಟು. ಏನೂ ಇಲ್ಲ."

ಪುಸ್ತಕದಿಂದ ತಲೆ ಎತ್ತದೆ ರೈಟರ್ ಹೇಳಿದರು, "ಅವಳಿಗೆ ನೋವಾ? ಇಡೀ ಲೈನಲ್ಲಿ ಜಾಸ್ತಿ ಪಿಕ್ಕಿಂಗ್ ಅವಳದ್ದೇ. ಅವಳದು ಒಂದು ಕಾಲು ಕಬ್ಬಿಣ, ಮಿಕ್ಕಿದವರದ್ದು ಎರಡೂ ಬಾಳೆದಿಂಡು."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಕಣದ ಈ ತುದಿಯಿಂದ ಆ ತುದಿಗೆ ನೆಟ್ಟಗೆ ನಡೆದು ತೋರಿಸಿದಳು. ನೋವು ಇಲ್ಲ, ಕುಂಟು ಇಲ್ಲ, ಕೋಲು ಬೇಡ ಎಂದು ಬರೆದೆ. ಪೂರ್ತಿ ಅಂಕಕ್ಕೆ ಹತ್ತಿರ ಬಂತು. ಎಕ್ಸ್-ರೇಗೆ ಯಾವಾಗ ಬರುತ್ತೀರಿ ಎಂದರೆ ಪಿಕ್ಕಿಂಗ್ ಮುಗಿಯಲಿ ಎಂದಳು. ಸಂಯೋಜಕಿಗೆ ಫಾರಂ ಕೊಟ್ಟಾಗ, "ನೋವಿಲ್ಲದವರ ಎಕ್ಸ್-ರೇ ಕೊನೆಗೆ ಮಾಡೋಣ ಆಂಟಿ, ಮೊದಲು ತೊಂದರೆ ಇರೋರು" ಎಂದು ಅವಳ ಹೆಸರನ್ನು ಪಟ್ಟಿಯ ಅಡಿಗೆ ಹಾಕಿದಳು. ನಾನು ಬರೆದ ಆ ಒಂದು ಸಾಲು ಅಕ್ಕನ ಎಕ್ಸ್-ರೇಯನ್ನು ತಿಂಗಳುಗಟ್ಟಲೆ ಹಿಂದಕ್ಕೆ ತಳ್ಳಿತು. ಅವತ್ತು ಡಿಸೆಂಬರ್ ಇರಬೇಕು.

ಜನವರಿ ಕೊನೆಯಲ್ಲಿ ಸಂಯೋಜಕಿ ಫಾರಂಗಳನ್ನು ಮೈಸೂರಿಗೆ ಕಳಿಸಲು ಜೋಡಿಸುವಾಗ ಅಕ್ಕನ ಎರಡನೇ ಪುಟದಲ್ಲಿ ಸಹಿಯೇ ಇರಲಿಲ್ಲ. "ನಾಳೆ ಮಧ್ಯಾಹ್ನದೊಳಗೆ ಬೇಕು" ಎಂದಳು. ನಾನು ಮಾರನೇ ದಿನ ಕುಶಾಲನಗರದಿಂದ ಮೊದಲ ಬಸ್ಸಿಗೆ ಹೊರಟೆ. ಲೈನಿಗೆ ಹೋಗಿ ಮುಟ್ಟಿದಾಗ ಏಳು ಗಂಟೆ ದಾಟಿತ್ತು, ಹಾಜರಿಗೆ ಇನ್ನೂ ಹೊತ್ತಿತ್ತು. ಲೈನಿಗೆ ನಾನು ಹೋದದ್ದು ಅದೇ ಮೊದಲು.

ಅಕ್ಕ ತನ್ನ ಮನೆ ಮುಂದಿನ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. ನನ್ನನ್ನು ನೋಡಿರಲಿಲ್ಲ. ಪಕ್ಕದ ಮನೆಯ ಮಲಯಾಳಿ ಮುದುಕಿ ಬಿಂದಿಗೆ ಹಿಡಿದು ಹೊರಗೆ ಬಂದವಳು, "ಏನು, ನಿನ್ನ ಜೀಪು ಸ್ಟಾರ್ಟ್ ಆಯ್ತಾ?" ಎಂದಳು.

"ಡೀಸೆಲ್ ಗಾಡಿ ಚೇಚಿ, ಬಿಸಿ ಆಗ್ಬೇಡ್ವಾ?" ಎಂದು ಅಕ್ಕ ಗೋಡೆ ಹಿಡಿದು ಎದ್ದಳು.

"ದೂಡೋದಕ್ಕೆ ಜನ ಕರೀಲಾ?"

"ನೀನು ಮೊದಲು ನಿನ್ನ ಬಿಂದಿಗೆ ತುಂಬಿಸ್ಕೋ."

ಎದ್ದವಳು ನಡೆಯಲಿಲ್ಲ. ತುಟಿ ಬಿಗಿಹಿಡಿದು ಹಾಗೇ ನಿಂತಳು. ಆಮೇಲೆ ಒಂದು ಹೆಜ್ಜೆ ಎಳೆದಳು, ಪಾದ ಹೊರಗೆ ತಿರುಗಿತ್ತು. ಇನ್ನೊಂದು. ಮೂರನೆಯದಕ್ಕೆ ಕೈ ತೊಡೆಯ ಮೇಲೆ ಹೋಯಿತು. ಐದನೆಯದರ ಹೊತ್ತಿಗೆ ನಡಿಗೆ ನೆಟ್ಟಗಾಯಿತು. ನಲ್ಲಿಯ ಹತ್ತಿರ ಹೋಗುವಷ್ಟರಲ್ಲಿ ಅವಳಿಗೆ ಏನಾದರೂ ತೊಂದರೆ ಇದೆ ಎಂದು ಯಾರೂ ಹೇಳುವಂತಿರಲಿಲ್ಲ. ನಾನು ಕಣದಲ್ಲಿ ನೋಡಿದ ನಡಿಗೆ ಇದೇ.

ಆ ನಡಿಗೆಯ ಅರ್ಥ ನನಗೆ ಗೊತ್ತಿತ್ತು. ಯಾಕೆಂದರೆ ನಾನು ಅಷ್ಟು ವರ್ಷ ಎಕ್ಸ್-ರೇ ರೂಮಿನ ಬಾಗಿಲಲ್ಲಿ ಕೂತವಳು. ಡಾಕ್ಟರು ಕಲಿಯಲು ಬಂದ ಚಿಕ್ಕ ಡಾಕ್ಟರುಗಳಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಎಷ್ಟು ಸಲ ಬಿದ್ದಿದೆ. ಕೂತು ಎದ್ದಾಗ ಮೊದಲ ನಾಲ್ಕೈದು ಹೆಜ್ಜೆಗೆ ತೊಡೆ ನೋಯುತ್ತದೆ, ಆಮೇಲೆ ಹೋಗುತ್ತದೆ ಎಂದರೆ ಸ್ಟೆಮ್ ಹಿಡಿದಿಲ್ಲ ಎಂದು ಅನುಮಾನಪಡಿ, ಎಂದು. ನಾನು ಮಾಡಿದ್ದೇನು? ಬೆಳಗಿನಿಂದ ಗುಡ್ಡ ಹತ್ತಿ ಇಳಿದು ಕಾಲು ಪಳಗಿದ ಮೇಲೆ, ಸಾಯಂಕಾಲ ನಾಲ್ಕಕ್ಕೆ, ಎಲ್ಲರನ್ನೂ ನಡೆಸಿ ನೋಡಿದ್ದೆ. ಅಕ್ಕನನ್ನು ಮಾತ್ರವಲ್ಲ. ಎಸ್ಟೇಟಿನ ಅಷ್ಟೂ ಜನರನ್ನು.

ಅಕ್ಕ ತಿರುಗಿ ನೋಡಿದಳು. ಮುಖ ಸಪ್ಪಗಾಯಿತು.

"ಎಷ್ಟು ದಿನದಿಂದ ಅಕ್ಕ?" ಎಂದೆ.

"ಏನು ಎಷ್ಟು ದಿನದಿಂದ?"

"ನಾನು ನೋಡಿದೆ."

ಅವಳು ತೊಡೆಯ ನಡುಮಧ್ಯ ಮುಷ್ಟಿ ಒತ್ತಿ ತೋರಿಸಿದಳು. "ಹೋದ ಮಳೆಗಾಲದಿಂದ ಇಲ್ಲಿ. ಎದ್ದಾಗ ಮಾತ್ರ. ಆಮೇಲೆ ಇಲ್ಲ."

"ಅವತ್ತು ಯಾಕೆ ಹೇಳ್ಲಿಲ್ಲ?"

"ರೈಟರ್ ಪಕ್ಕ ಕೂರಿಸ್ಕೊಂಡು ಕೇಳಿದ್ರೆ ಯಾರು ಹೇಳ್ತಾರೆ ಅಕ್ಕ? ಕೆಲಸಕ್ಕೆ ಆಗದವರಿಗೆ ಲೈನ್ ಮನೆ ಇಲ್ಲ. ಇಷ್ಟು ಊರು ತಿರುಗ್ತೀರಿ, ನಿಮಗೆ ಅದು ಗೊತ್ತಿಲ್ವಾ?"

ನನಗೆ ಗೊತ್ತಿತ್ತು. ಯೋಚಿಸಿರಲಿಲ್ಲ, ಅಷ್ಟೇ. ಫಾರಂನ ಮೊದಲ ಸಾಲಿನಲ್ಲೇ, ಈ ಮಾಹಿತಿ ಗುಟ್ಟಾಗಿ ಇಡಲಾಗುವುದು ಎಂದು ಅಚ್ಚಾಗಿದೆ. ಅದನ್ನು ಜೋರಾಗಿ ಓದಿ ಹೇಳಿ, ತಕ್ಕಡಿಯ ಪಕ್ಕ ಕೂತು ಕೇಳಿದ್ದೆ.

"ಸೈನ್ ಹಾಕ್ಬೇಕಲ್ವಾ, ಕೊಡಿ" ಎಂದು ಅವಳೇ ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ನೋವಿಲ್ಲ ಎಂದು ನಾನು ಬರೆದಿದ್ದ ಪುಟದ ಕೆಳಗೆ ಸಹಿ ಹಾಕಿದಳು. "ಯಾರಿಗೂ ಹೇಳ್ಬೇಡಿ. ನಿಮ್ಮ ಕಾಲು ಹಿಡ್ಕೊಳ್ತೀನಿ."

ನಾನು ಆ ಹಾಳೆ ತೆಗೆದುಕೊಂಡು ಬಸ್ಸು ಹತ್ತಿದೆ. ಮಧ್ಯಾಹ್ನದೊಳಗೆ ಕೊಟ್ಟೆ. ಇದನ್ನು ನಾನು ಬೇಕೆಂದೇ ಬಿಡದೆ ಬರೆಯುತ್ತಿದ್ದೇನೆ.

ಸಂಯೋಜಕಿಗೆ ಹೇಳದೆ ಇರಲಿಲ್ಲ. ಹೇಳಿದೆ, ನನ್ನ ರೀತಿಯಲ್ಲಿ, ಅರ್ಧ ನುಂಗಿ. ನಾನು ಕೇಳಿದ ಹೊತ್ತು ಸರಿಯಿರಲಿಲ್ಲವೇನೋ, ಇನ್ನೊಮ್ಮೆ ಕೇಳಬೇಕೇನೋ ಎಂದೆ.

"ಇನ್ನೊಮ್ಮೆ ಅಂದ್ರೆ? ಎಲ್ಲರನ್ನೂ?" ಅವಳು ಕಂಪ್ಯೂಟರಿನಿಂದ ಕಣ್ಣು ತೆಗೆದಳು. "ಆಂಟಿ, ರೋಗಿ ಸೈನ್ ಹಾಕಿದ ಮೇಲೆ ಫಾರಂ ತಿದ್ದೋ ಹಾಗಿಲ್ಲ. ನೋವಿಲ್ಲ ಅಂತ ಅವರೇ ಹೇಳಿದ್ದಾರೆ ತಾನೇ? ನೋವಿದೆಯೋ ಇಲ್ವೋ ತೀರ್ಮಾನ ಮಾಡೋಕೆ ನಾವೇನು ಡಾಕ್ಟ್ರಾ?"

ಅವಳು ಹೇಳಿದ್ದು ನಿಯಮದ ಪ್ರಕಾರ ಸರಿ. ಫೆಬ್ರವರಿಯಲ್ಲಿ ತಿಂಗಳ ಸಭೆ ನಡೆಯಿತು. ಡಾಕ್ಟರು, ಮೈಸೂರಿನ ಡಾಕ್ಟರು, ಸಂಯೋಜಕಿ, ಫಿಸಿಯೋಥೆರಪಿಯವರು. ನಾನು ಮೂಲೆಯ ಕುರ್ಚಿಯಲ್ಲಿ. ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ಎಸ್ಟೇಟ್ ಕೆಲಸಗಾರರಲ್ಲಿ ಫಲಿತಾಂಶ ಎಲ್ಲರಿಗಿಂತ ಚೆನ್ನಾಗಿದೆ, ಇದು ನಿರೀಕ್ಷೆ ಮೀರಿದ್ದು ಎಂದು ಮೈಸೂರಿನ ಡಾಕ್ಟರು ಖುಷಿಪಟ್ಟರು. ಅದೆಲ್ಲ ನನ್ನ ದುಂಡು ಅಕ್ಷರದ ಫಾರಂಗಳಿಂದ ಬಂದದ್ದು. ಡಾಕ್ಟರು ನನ್ನ ಕಡೆ ತಿರುಗಿ, "ಇದರಲ್ಲಿ ನಮ್ಮ ಅಮ್ಮನ ಶ್ರಮ ಇದೆ" ಎಂದರು. ಎಲ್ಲರೂ ನನ್ನನ್ನು ನೋಡಿದರು. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಬಿಸ್ಕತ್ತಿನ ತಟ್ಟೆ ಬಂತು. ನಾನು ಒಂದು ತೆಗೆದುಕೊಂಡು ಸುಮ್ಮನಾದೆ.

ಆ ಸಭೆಗೂ ಮುಂದಿನದಕ್ಕೂ ನಡುವಿನ ತಿಂಗಳು ನನ್ನ ಬದುಕಿನಲ್ಲಿ ಬಹಳ ಕೆಟ್ಟ ತಿಂಗಳು. ಅಕ್ಕನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಎರಡು ಸಲ ಬೆಳಗಿನ ಬಸ್ಸಿಗೆ ಹೋದೆ. ಒಮ್ಮೆ ನನ್ನನ್ನು ದೂರದಿಂದ ನೋಡಿ ಹಿತ್ತಲಿಂದ ಹೊರಟುಹೋದಳು. ಇನ್ನೊಮ್ಮೆ ಬಾಗಿಲು ತೆಗೆಯದೆ ಒಳಗಿನಿಂದಲೇ, "ಮೆಣಸು ಕೊಯ್ಲು ಮುಗೀಲಿ ಅಕ್ಕ" ಎಂದಳು. ಮೊದಲು ಕಾಫಿ, ಈಗ ಮೆಣಸು, ಆಮೇಲೆ ಗಿಡದ ಚಿಗುರು ತೆಗೆಯುವುದು, ಆಮೇಲೆ ಗೊಬ್ಬರ. ತೋಟದ ಕೆಲಸಕ್ಕೆ ಕೊನೆಯೆಲ್ಲಿದೆ? ಅಷ್ಟು ದಿನವೂ ಆ ಲೋಹ ಒಳಗೆ ಆಡುತ್ತಿರುತ್ತದೆ ಎಂದು ನನಗೆ ಗೊತ್ತಿತ್ತು. ಬಾಗಿಲಿನ ಈಚೆ ನಿಂತು ಅದನ್ನು ಕೂಗಿ ಹೇಳುವುದು ಹೇಗೆ? ಲೈನ್ ಇಡೀ ಕೇಳಿಸುತ್ತದೆ. ಬಸ್ಸಿನಲ್ಲಿ ಕೂತು ಸಿಟ್ಟಿನಿಂದ ಕಣ್ಣೀರು ಬಂತು. ಅವಳ ಹಟದ ಮೇಲೆ ಸಿಟ್ಟು, ಫಾರಂ ಮೇಲೆ ಸಿಟ್ಟು. ನಿಮ್ಮ ತಾತ ಇದ್ದಿದ್ದರೆ ನನ್ನ ಪರವಾಗಿ ಹೋಗಿ ಹೇಳುತ್ತಿದ್ದರು ಎಂದುಕೊಂಡೆ. ಮದುವೆಯಾದಾಗಿನಿಂದ ನನ್ನ ಮಾತನ್ನೆಲ್ಲ ಅವರೇ ಆಡಿದ್ದು. ಅವರು ಹೋದ ಮೇಲೆ ನಾನು ಆಡಬೇಕಾದ ಮಾತು ಎಲ್ಲಿಯೂ ಆಡದೆ ಹಾಗೇ ಉಳಿದಿತ್ತು.

ಮಾರ್ಚಿನ ಸಭೆಯಲ್ಲಿ ಮತ್ತೆ ಅದೇ ಗೋಡೆ, ಅದೇ ಚಿತ್ರ. ಮೈಸೂರಿನ ಡಾಕ್ಟರು, ಇದನ್ನು ಹೀಗೇ ಬರೆದು ಕಳಿಸಿಬಿಡೋಣ ಎಂದರು. ನಾನು ಎದ್ದು ನಿಂತೆ. ನಿಂತ ಮೇಲೆ ಕೂರುವುದು ಇನ್ನೂ ನಾಚಿಕೆಯ ವಿಷಯವಾಗಿದ್ದರಿಂದ ಮಾತಾಡಲೇಬೇಕಾಯಿತು.

"ಸಾರ್, ನಾನು ತಂದ ಎಸ್ಟೇಟ್ ಫಾರಂಗಳು ತಪ್ಪು."

ಡಾಕ್ಟರು, "ತಪ್ಪು ಅಂದ್ರೆ? ಯಾವುದು?" ಎಂದರು.

"ಎಲ್ಲ ಸಾರ್."

ಸಂಯೋಜಕಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ನಾನು ಅವಳ ಕಡೆ ನೋಡದೆ, ನೆಲ ನೋಡಿಕೊಂಡೇ ಹೇಳಿದೆ. ನಾಲ್ಕು ಗಂಟೆ, ಕಣ, ರೈಟರ್ ಪಕ್ಕದ ಕುರ್ಚಿ. ಬೆಳಿಗ್ಗೆ ಜಗಲಿಯಿಂದ ಎದ್ದು ನಿಂತ ಹೆಂಗಸು. ಅವಳ ಹೆಸರು ಹೇಳಲಿಲ್ಲ. ಐದು ಹೆಜ್ಜೆಯ ಮಾತು ಬಂದಾಗ ವಿವರಿಸಲು ಬರಲಿಲ್ಲ. ಗೋಡೆ ಹಿಡಿದು ಅವಳಂತೆಯೇ ನಡೆದು ತೋರಿಸಿದೆ. ಅಷ್ಟು ಜನರ ಮುಂದೆ, ಸೀರೆ ನೆರಿಗೆ ಹಿಡಿದುಕೊಂಡು, ಕುಂಟಿ ತೋರಿಸಿದೆ.

ಮೈಸೂರಿನ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಡಾಕ್ಟರು ಎಸ್ಟೇಟ್ ಫಾರಂಗಳ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಇದು ಯಾವಾಗ ಗೊತ್ತಾಯ್ತು ನಿಮಗೆ?" ಎಂದರು.

"ಜನವರಿಯಲ್ಲಿ ಸಾರ್."

"ಹೋದ ಸಭೇಲಿ ಇದ್ರಲ್ಲ."

"ಇದ್ದೆ ಸಾರ್."

ಅವರು ಬಯ್ಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಎಸ್ಟೇಟ್ ಫಾರಂಗಳನ್ನೆಲ್ಲ ಪಕ್ಕಕ್ಕಿಟ್ಟು ಮೊದಲಿನಿಂದ ಕೇಳಿ ಬನ್ನಿ ಎಂದರು. ಮನೆಯಲ್ಲೇ, ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು. ಕಾಲು ಗಂಟೆ ಕೂರಿಸಿ, ಆಮೇಲೆ ಎಬ್ಬಿಸಿ, ಮೊದಲ ಹೆಜ್ಜೆಯಿಂದಲೇ ನೋಡಬೇಕು. ಎಷ್ಟು ಗಂಟೆಗೆ ನೋಡಿದೆ ಎಂದು ಬರೆಯಬೇಕು. ಸಂಯೋಜಕಿ ಪೆನ್ನು ಮುಚ್ಚಿದಳು. ಹೊರಗೆ ಬಂದಾಗ, "ನನ್ನ ಮೂರು ತಿಂಗಳು ಹೋಯ್ತು ಆಂಟಿ" ಎಂದಳು. ಅದೂ ನಿಜ.

ಎರಡನೇ ಸಲದ ಸುತ್ತಾಟ ಮೊದಲಿನದಕ್ಕಿಂತ ಕಷ್ಟ. ಕತ್ತಲಿರುವಾಗಲೇ ಎದ್ದು ಬಸ್ ನಿಲ್ದಾಣಕ್ಕೆ ಹೋಗಬೇಕು, ಹೊತ್ತೇರಿದರೆ ಅಂದಿನ ದಿನ ದಂಡ. ಒಂದು ಬೆಳಿಗ್ಗೆಗೆ ಒಂದೇ ಮನೆ, ಹೆಚ್ಚೆಂದರೆ ಎರಡು. "ಮತ್ತೆ ಬಂದ್ರಾ? ಅವತ್ತು ಹೇಳಿದ್ದು ಸಾಕಾಗ್ಲಿಲ್ವಾ?" ಎಂದವರೇ ಹೆಚ್ಚು. ಒಬ್ಬಾತ, ಕಾಲು ಗಂಟೆ ಸುಮ್ಮನೆ ಕೂತಿರಿ ಎಂದರೆ, "ನಮ್ಮ ಎಸ್ಟೇಟಲ್ಲಿ ಸುಮ್ನೆ ಕೂರೋಕೆ ಧಣಿಗಳೇ ಇರೋದು, ಅವರನ್ನ ಕೇಳಿ" ಎಂದ. ಆದರೂ ಕೂತ. ಎದ್ದು ಮೊದಲ ಹೆಜ್ಜೆಗೇ ಸರಾಗವಾಗಿ ನಡೆದ.

ಇದನ್ನೂ ನಿಮಗೆ ಹೇಳಬೇಕು. ಹೆಚ್ಚಿನವರು ಹಾಗೇ ನಡೆದರು. ಅವರ ಮೂಳೆ ಲೇಪವನ್ನು ಹಿಡಿದುಕೊಂಡಿತ್ತು. ಕಲ್ಲು ಮೆಟ್ಟಿಲಲ್ಲಿ ಕೂತು ಎದ್ದು, ಅಂಗಳ ದಾಟಿ, ಹಿಂದಿರುಗಿ ನೋಡಿ ನಗುತ್ತಿದ್ದರು. ಡಾಕ್ಟರ ಕೆಲಸ ಕೆಟ್ಟದಾಗಿರಲಿಲ್ಲ. ಆದರೆ ಮೊದಲ ಫಾರಂನಲ್ಲಿ ಏನೂ ಇಲ್ಲ ಎಂದವರಲ್ಲಿ ಕೆಲವರು ಮನೆಯ ಬಾಗಿಲಲ್ಲಿ, ಯಾರೂ ಕೇಳದಿರುವಾಗ, ತೊಡೆ ಮುಟ್ಟಿ ತೋರಿಸಿದರು. ಅಂಥವರನ್ನು ನೇರ ಎಕ್ಸ್-ರೇಗೆ ಕರೆದೆವು.

ಅಕ್ಕ ಮಾತ್ರ ಬರಲಿಲ್ಲ. ಏಪ್ರಿಲ್ಲಿನ ಒಂದು ಭಾನುವಾರ ನಾನು ಫಾರಂ ಮನೆಯಲ್ಲೇ ಬಿಟ್ಟು ಹೋದೆ. ಬ್ಯಾಗಿಲ್ಲದೆ ಬಂದವಳನ್ನು ನೋಡಿ ಅವಳು ಬಾಗಿಲು ಹಾಕಲಿಲ್ಲ. ಒಳಗೆ ಕರೆದು ಚಾಪೆ ಹಾಕಿದಳು. ಆ ಒಂದು ಕೋಣೆಯಲ್ಲಿ ಎಸ್ಟೇಟಿನಾಚೆ ಕೂಲಿಗೆ ಹೋಗುವ ಮಗ, ಸೊಸೆ, ಅವಳು. ಗೋಡೆಗೆ ಒರಗಿಸಿಟ್ಟ ಪಾತ್ರೆಗಳು ಹೊಳೆಯುವಂತಿದ್ದವು. ಎದ್ದು ಕಾಫಿ ತರಲು ಅವಳಿಗೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಹೆಜ್ಜೆ ಎಣಿಸಿದೆ. ಐದಕ್ಕೆ ಸರಿಯಾಗಲಿಲ್ಲ. ಹತ್ತು ದಾಟಿತು.

"ಫೋಟೊ ತೆಗೆದ್ರೆ ಆಪರೇಷನ್ ಅಂತಾರೆ, ಅಲ್ವಾ?" ಎಂದಳು.

"ಅನ್ನಬಹುದು."

"ಮಾಡಿದ್ರೆ ಮತ್ತೆ ಪಿಕ್ಕಿಂಗ್‌ಗೆ ಹೋಗ್ಬೋದಾ?"

ಎಲ್ಲ ಸರಿ ಹೋಗುತ್ತದೆ ಎನ್ನುವ ಮಾತು ನನ್ನ ನಾಲಿಗೆ ತುದಿಯಲ್ಲಿತ್ತು. ಆಸ್ಪತ್ರೆಯಲ್ಲಿ ಎಲ್ಲರಿಗೂ ನಾವು ಹೇಳುವುದು ಅದನ್ನೇ. "ಗೊತ್ತಿಲ್ಲ ಅಕ್ಕ. ಮಾಡದಿದ್ರೆ ಮೂಳೆ ಸವೆದು ಒಂದು ದಿನ ನಿಂತಲ್ಲೇ ಮುರೀಬಹುದು. ಆಗ ರೈಟರ್‌ಗೆ ನಾವು ಹೇಳೋದೇ ಬೇಡ" ಎಂದೆ.

ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಸೊಸೆ ತಲೆ ಎತ್ತದೆ ಹೇಳಿದಳು, "ಅತ್ತೆ, ನಾನು ಅಂಗಡಿ ಬಿಡ್ತೀನಿ. ಹಾಜರಿಗೆ ನನ್ನ ಹೆಸರು ಕೊಡಿ. ಮನೆ ಹೋಗಲ್ಲ."

ಆ ಹುಡುಗಿ ಸಿದ್ದಾಪುರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತೋಟದ ಕೆಲಸ ಬೇಡವೆಂದೇ ಅಲ್ಲಿ ಸೇರಿದ್ದವಳು. ಅಕ್ಕ, "ನಿಂಗೆ ಜಿಗಣೆ ಕಂಡ್ರೆ ಆಗಲ್ಲ, ನೀನು ತೋಟಕ್ಕೆ ಹೋಗ್ತೀಯಾ?" ಎಂದಳು. ಸೊಸೆ, "ಜಿಗಣೆಗೂ ನನ್ನ ಕಂಡ್ರೆ ಆಗದಿರಲಿ ಅಂತ ಬೇಡ್ಕೊಳ್ಳಿ" ಎಂದಳು. ಅಕ್ಕ ನಗಲಿಲ್ಲ. ಮಾರನೇ ವಾರ ಎಕ್ಸ್-ರೇಗೆ ಬಂದಳು.

ಅವಳ ಹಳೆಯ ಫಿಲ್ಮು ನಾನೇ ಹುಡುಕಿ ತಂದು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ. ಹೊಸದು ಪಕ್ಕದ ಕಂಪ್ಯೂಟರಿನಲ್ಲಿ. ಡಾಕ್ಟರು ಸ್ಕೇಲು ಇಟ್ಟು ಅಳೆದರು. ಸ್ಟೆಮ್ ಇದ್ದ ಜಾಗದಿಂದ ಬೆರಳಗಲಕ್ಕಿಂತ ತುಸು ಕಡಿಮೆ ಕೆಳಗೆ ಕುಸಿದಿತ್ತು. ಸುತ್ತ ಪೆನ್ಸಿಲಿನಲ್ಲಿ ಎಳೆದಂತೆ ಕಪ್ಪು ಗೆರೆ. ಅಂದರೆ ಅಲ್ಲಿ ಮೂಳೆ ಅಂಟಿಲ್ಲ. ಹೊರಬದಿಯ ಮೂಳೆ ಒಂದು ಕಡೆ ಕಾಗದದಂತೆ ತೆಳ್ಳಗಾಗಿತ್ತು. ಅಕ್ಕನನ್ನು ಹೊರಗೆ ಕೂರಿಸಿದ ಮೇಲೆ ನಾನು ಕೇಳಿದೆ.

"ಸಾರ್, ಜನವರಿಯಲ್ಲೇ ತೆಗೆದಿದ್ರೆ?"

ಡಾಕ್ಟರು ಸ್ಕೇಲು ಕೆಳಗಿಟ್ಟರು. "ಆಗಲೂ ಆಪರೇಷನ್ ಬೇಕಾಗ್ತಿತ್ತು ಅಮ್ಮ. ಪ್ರಾಯಶಃ ಸಾಮಾನ್ಯ ಸ್ಟೆಮ್ ಸಾಕಾಗ್ತಿತ್ತು. ಈಗ ಉದ್ದದ್ದು ಹಾಕ್ಬೇಕು, ಮೂಳೆಗೆ ತಂತಿ ಕಟ್ಬೇಕು. ಇಷ್ಟರಲ್ಲಿ ಎಷ್ಟು ಹಾಳಾಯ್ತು ಅಂತ ಕರಾರುವಾಕ್ಕಾಗಿ ಹೇಳೋಕೆ ಯಾರಿಗೂ ಆಗಲ್ಲ."

ಮೇ ತಿಂಗಳಲ್ಲಿ ಆಪರೇಷನ್ ಆಯಿತು. ಬಹಳ ಹೊತ್ತು ಹಿಡಿಯಿತು. ಬಹಳ ವಾರ ಆ ಕಾಲಿಗೆ ಭಾರ ಹಾಕುವಂತಿರಲಿಲ್ಲ. ಸೊಸೆ ಹಾಜರಿಗೆ ಹೋದಳು, ಮನೆ ಉಳಿಯಿತು. ಮುಂದಿನ ಕೊಯ್ಲಿನ ಹೊತ್ತಿಗೆ ಅಕ್ಕ ಒಂದು ಕೋಲು ಹಿಡಿದು ನಡೆಯುತ್ತಿದ್ದಳು. ನರ್ಸರಿಯಲ್ಲಿ ಕೂತು ಕಾಫಿ ಗಿಡದ ಪ್ಲಾಸ್ಟಿಕ್ ತೊಟ್ಟೆಗಳಿಗೆ ಮಣ್ಣು ತುಂಬುವ ಕೆಲಸ ಕೊಟ್ಟರು. ಇಳಿಜಾರಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದರು.

ಅವಳ ಹೊಸ ಫಾರಂ ತುಂಬಲು ಬೆಳಿಗ್ಗೆ ಏಳಕ್ಕೆ ಹೋದೆ. ಕಾಲು ಗಂಟೆ ಕೂತು ಎದ್ದಳು, ತೊಡೆ ನೋವಿರಲಿಲ್ಲ. "ಇಲ್ಲ ಅಂತ ಬರ್ಕೊಳ್ಳಿ. ಈ ಸಲ ನಿಜ" ಎಂದಳು. ಕೋಲಿನ ಪ್ರಶ್ನೆ ಬಂದಾಗ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಳು.

"ಅಕ್ಕ, ನೀವು ನೋಡಿದ ದಿನಾನೇ ಡಾಕ್ಟ್ರಿಗೆ ಹೇಳಿದ್ರೆ ಈ ಕೋಲು ಇರ್ತಿತ್ತಾ?"

"ಇರ್ತಿರ್ಲಿಲ್ವೇನೋ."

ಅವಳು ತಲೆಯಾಡಿಸಿದಳು. "ನಾನು ಹೇಳ್ಬೇಡಿ ಅಂದ್ನಲ್ಲ."

"ಅಂದ್ರಿ."

"ನಾನು ಅಂದೆ, ನೀವು ಕೇಳಿದ್ರಿ" ಎಂದಳು. ಸಿಟ್ಟಿನಿಂದಲೋ ಸಮಾಧಾನಕ್ಕೋ ನನಗೆ ಇಂದಿಗೂ ತಿಳಿಯದು. ಆಮೇಲೆ ಕೋಲೂರಿ ಎದ್ದು, ಹಾಜರಿಗೆ ಹೊತ್ತಾಯಿತು ಎಂದು ಹೊರಟಳು.

ಅಧ್ಯಯನ ಮುಗಿದು ಅಚ್ಚಾದ ಕಾಗದವನ್ನು ಸಂಯೋಜಕಿ ನನಗೆ ತೋರಿಸಿದಳು. ಇಂಗ್ಲಿಷಿನಲ್ಲಿತ್ತು. ಎಸ್ಟೇಟ್ ಫಾರಂಗಳನ್ನು ಎರಡನೇ ಸಲ ಸಂಗ್ರಹಿಸಲಾಯಿತು ಎಂದು ಎಲ್ಲೋ ಒಂದು ಸಾಲು ಇದೆ ಎಂದು ಬೆರಳಿಟ್ಟು ಓದಿ ಹೇಳಿದಳು. ಮತ್ತೆ ಆಪರೇಷನ್ ಬೇಕಾದವರ ಲೆಕ್ಕದಲ್ಲಿ ಅಕ್ಕ ಒಂದು ಅಂಕಿ. ಆ ಕಾಗದದಲ್ಲಿ ಸುಳ್ಳಿಲ್ಲ. ಆದರೆ ಫೆಬ್ರವರಿಯಿಂದ ಮಾರ್ಚಿನವರೆಗೆ ಒಬ್ಬಳು ಎಲ್ಲ ಗೊತ್ತಿದ್ದೂ ಮೂಲೆಯ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕೂತಿದ್ದಳು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಮಕ್ಕಳೇ, ಆ ತಿಂಗಳು ಈ ಹಾಳೆಗಳಲ್ಲಿ ಮಾತ್ರ ಇದೆ. ಇನ್ನೊಂದು ಪ್ರತಿ ಮಾಡಿಲ್ಲ, ಮಾಡಲು ಮನಸ್ಸಿಲ್ಲ. ಗೆದ್ದಲು ತಾಗದ ಕಡೆ, ನಿಮ್ಮಿಬ್ಬರಿಗೂ ಗೊತ್ತಿರುವ ಜಾಗದಲ್ಲಿ, ಇವನ್ನು ಜೋಪಾನವಾಗಿ ಇಟ್ಟುಕೊಳ್ಳಿ.